ಒಂದೇ ಕೈ ಸುಣ್ಣ

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ದೇವರ ಪಟಕ್ಕಿಂತ ಮೊದಲು ಎದುರುಮನೆಯ ಗೋಡೆ ನೋಡುತ್ತಾರೆ. ಯಾರು ಯಾವ ಯಂತ್ರಕ್ಕಾಗಿ ಎಂಥ ಪ್ರೋಗ್ರಾಮು ಬರೆದರೂ, ಬೆಳಕು ಹರಿಯುವಷ್ಟರಲ್ಲಿ ಅದು ಅವರ ಮನೆಯ ಬೀದಿಗೋಡೆಯ ಮೇಲೆ ಸಾಲುಸಾಲಾಗಿ ಮೂಡಿರುತ್ತದೆ. ಕಂಪ್ಯೂಟರಿಗೆ ಹತ್ತು ಬೀಗ ಜಡಿದು ಮಲಗಿದರೂ ಅಷ್ಟೇ. ಹೊರಗಿನಿಂದ ಬಂದವರು ಇದನ್ನು ನೋಡಿ ಹೌಹಾರುತ್ತಾರೆ. ನಮಗೆ ಇದು ಹಾಲಿನವನು ಬಂದು ಹೋದಷ್ಟೇ ಸಹಜ. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓದುತ್ತೇವೆ, ತಪ್ಪು ಕಂಡರೆ ಒಳಗೆ ಹೋಗಿ ಒಂದು ಇದ್ದಿಲ ಚೂರು ತಂದು ತಿದ್ದುತ್ತೇವೆ.

ತಿದ್ದುವುದಕ್ಕೂ ರೀತಿ ರಿವಾಜು ಇದೆ. ಇನ್ನೊಬ್ಬರ ಸಾಲನ್ನು ಉಜ್ಜಿ ಅಳಿಸುವಂತಿಲ್ಲ. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅನ್ನಿಸಿದ್ದನ್ನು ಬರೆದು, ಕೆಳಗೆ ಹೆಸರು ಹಾಕಬೇಕು. ಮನೆಯವರಿಗೆ ಒಪ್ಪಿಗೆಯಾದರೆ ಸೇರಿಸಿಕೊಳ್ಳುತ್ತಾರೆ, ಮರುದಿನ ಗೋಡೆಯ ಮೇಲೆ ಆ ಹೆಸರೂ ಮೂಡುತ್ತದೆ. ಒಪ್ಪದಿದ್ದರೆ ಜಗಳ, ಆ ಜಗಳವೂ ಗೋಡೆಯ ಮೇಲೆಯೇ. ಬೇಕಾದವರು ಬೇಕಾದ ಸಾಲನ್ನು ಬರೆದುಕೊಂಡು ಹೋಗಿ ತಮ್ಮ ಕೆಲಸಕ್ಕೆ ಹಚ್ಚಬಹುದು, ಎಲ್ಲಿಂದ ತಂದದ್ದು ಎಂದು ಹೇಳಿದರೆ ಸಾಕು. ಇಡ್ಲಿ ಹೋಟೆಲಿನ ಹಿಟ್ಟು ಎಷ್ಟು ಉಬ್ಬಿತು ಎಂದು ತಿಳಿಯಲು ಬರೆದ ಪ್ರೋಗ್ರಾಮು, ಆರು ಗೋಡೆ ದಾಟುವಷ್ಟರಲ್ಲಿ ಹೊಳೆಯ ನೀರು ಏರುವುದನ್ನು ಮೊದಲೇ ಹೇಳುವ ಪ್ರೋಗ್ರಾಮಾಗಿತ್ತು. ಅದನ್ನು ಮಾಡಿದವರು ಯಾರು ಎಂದು ಕೇಳಿದರೆ ಹದಿನಾಲ್ಕು ಹೆಸರು ಹೇಳಬೇಕಾಗುತ್ತದೆ.

ಗೋಡೆ ತುಂಬಿದಾಗ ಸುಣ್ಣ ಹಚ್ಚುವವನು ನಾನು, ಲಗಮಣ್ಣ. ಮೂವತ್ತು ವರ್ಷದಿಂದ ಇದೇ ಕೆಲಸ. ಕುಂಚ ಅದ್ದುವ ಮೊದಲು ಬೀದಿಯ ನಡುವೆ ನಿಂತು ಮೂರು ಸಲ ಗಟ್ಟಿಯಾಗಿ "ಬರಕೊಂಡೀರೇನ್ರಿ" ಎಂದು ಕೂಗಬೇಕು. "ಬರಕೊಂಡೀವಿ, ಹಚ್ಚು ಲಗಮಣ್ಣ" ಎಂದು ಯಾರಾದರೂ ಕೂಗಿದ ಮೇಲೆಯೇ ಗೋಡೆ ಮುಟ್ಟಬೇಕು. ಊರಿನ ಅರ್ಧಕ್ಕರ್ಧ ಜನರ ಹೆಸರಿನ ಮೇಲೆ ನನ್ನ ಕುಂಚ ಓಡಾಡಿದೆ, ನನ್ನ ಹೆಸರು ಮಾತ್ರ ಒಂದು ಗೋಡೆಯ ಮೇಲೂ ಇರಲಿಲ್ಲ. ಓದಲು ಬರುತ್ತಿತ್ತು, ಬರೆಯಲು ಧೈರ್ಯ ಬರುತ್ತಿರಲಿಲ್ಲ. ಅಳಿಸುವವನ ಹೆಸರು ಯಾರು ಬರೆಯುತ್ತಾರೆ ಎಂದು ಚಹಾದಂಗಡಿಯಲ್ಲಿ ನಾನೇ ನಗೆಚಾಟಿಕೆ ಮಾಡುತ್ತಿದ್ದೆ. ಮನಸ್ಸಿಗೆ ಮಾತ್ರ ಅದು ನೋವಿನ ಸಂಗತಿಯೇ ಆಗಿತ್ತು.

ಈಗ ಗುರುಶಾಂತಪ್ಪನವರ ವಿಷಯಕ್ಕೆ ಬರುತ್ತೇನೆ. ನಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುವವರು ಅವರು. ಇಪ್ಪತ್ತಾರು ವರ್ಷ ಊರು ಅವರ ದನಿಯಿಂದಲೇ ಗಡಿಯಾರ ಸರಿ ಮಾಡಿಕೊಂಡಿತ್ತು. ಆರೂವರೆಯ ಮುತ್ತಲಕೊಪ್ಪದ ಬಸ್ಸನ್ನು ಅವರು ಕೂಗಿದರೆ ಮನೆಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಅವರ ಗಂಟಲಿಗೆ ರೋಗ ಬಂದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುವಂಥ ಪಿಸುಮಾತು ಉಳಿಯಿತು. ಅಂಥ ಮಾತುಗಾರ ಎಂಟು ತಿಂಗಳು ಮನೆಯ ಹೊಸ್ತಿಲು ದಾಟಲಿಲ್ಲ.

ಅವರ ಹೆಂಡತಿ ಮಹಾನಂದಾ ಮಿಕ್ಸರ್ ರಿಪೇರಿ ಅಂಗಡಿ ಇಟ್ಟವಳು, ಸುಮ್ಮನೆ ಕೂರುವ ಹೆಣ್ಣಲ್ಲ. ನಿಲ್ದಾಣದ ಹಳೆಯ ಟೇಪುಗಳನ್ನೆಲ್ಲ ತಂದು ಗಂಡನ ದನಿಯನ್ನು ಕಂಪ್ಯೂಟರಿಗೆ ತುಂಬಿಸಿದಳು. ಗಂಡ ಸಣ್ಣ ಮೈಕಿನಲ್ಲಿ ಪಿಸುಗುಟ್ಟಬೇಕು, ಅದು ಅವರ ಹಳೆಯ ದನಿಯಾಗಿ ಹೊರಗೆ ಬರಬೇಕು, ಅಂಥ ಪ್ರೋಗ್ರಾಮು ಬರೆಯಲು ಕುಳಿತಳು. ಮೊದಲ ವಾರ ಅವಳ ಗೋಡೆಯ ಮುಂದೆ ಜಾತ್ರೆಯೇ ನೆರೆದಿತ್ತು. ಬೀದಿ ಬೀದಿಯವರೂ ಬಂದು ತಿದ್ದಿದರು, ದಿನದಿನಕ್ಕೂ ದನಿ ಸ್ಪಷ್ಟವಾಗುತ್ತ ಹೋಯಿತು. ಒಂದು ತೊಡಕು ಮಾತ್ರ ಬಿಡಲಿಲ್ಲ. ಗುರುಶಾಂತಪ್ಪನವರಿಗೆ ಈಗ ಉಸಿರು ಸಾಲುತ್ತಿರಲಿಲ್ಲ, ಮಾತಿನ ನಡುವೆಯೇ ಉಸಿರು ಎಳೆದುಕೊಳ್ಳುತ್ತಿದ್ದರು. ಪ್ರೋಗ್ರಾಮು ಮಾತೇ ಮುಗಿಯಿತು ಎಂದು ತಿಳಿದು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ನುಂಗಿಬಿಡುತ್ತಿತ್ತು.

ಅವಸರ ಮಾಡಿ ಒಂದು ದಿನ ನಿಲ್ದಾಣದಲ್ಲಿಯೇ ಪರೀಕ್ಷೆ ಮಾಡಿದರು. ಗುರುಶಾಂತಪ್ಪನವರನ್ನು ರಿಕ್ಷಾದಲ್ಲಿ ಕೂರಿಸಿ ಕರೆದೊಯ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಮೈಕಿನಿಂದ ಅವರದೇ ದನಿ "ಮುತ್ತಲ" ಎಂದು ನಿಂತಿತು. ಮತ್ತೆ "ಮುತ್ತಲ" ಎಂದಿತು. ಯಾರೋ ನಕ್ಕರು, ನೋಯಿಸಬೇಕೆಂದು ನಕ್ಕದ್ದಲ್ಲ, ಆದರೂ ನಕ್ಕರು. ಗುರುಶಾಂತಪ್ಪನವರು ಅದೇ ರಿಕ್ಷಾದಲ್ಲಿ ಮನೆಗೆ ಹೋದರು. ಬರುವ ಒಂದನೆಯ ತಾರೀಖಿನ ಆರೂವರೆ ಬಸ್ಸನ್ನು ಗುರುಶಾಂತಪ್ಪ ಕೂಗಿದರೆ ಸರಿ, ಇಲ್ಲವಾದರೆ ತಾನಾಗಿ ಬಸ್ಸು ಕೂಗುವ ಹೊರಗಿನ ಕಂಪನಿಯ ಪೆಟ್ಟಿಗೆ ಕಾಯಂ ಆಗುತ್ತದೆ, ಅವರ ಕುರ್ಚಿಯನ್ನೂ ತೆಗೆಸುತ್ತೇನೆ ಎಂದು ಡಿಪೋ ಮ್ಯಾನೇಜರು ಹೇಳಿದರು.

ಆ ಪೆಟ್ಟಿಗೆಯನ್ನು ಮಾರಲು ಬಂದವನು ಮಹಾ ಚುರುಕು ಮನುಷ್ಯ. ಪೆಟ್ಟಿಗೆಯ ಪ್ರೋಗ್ರಾಮು ಬೇರೆಲ್ಲೋ ಬರೆದದ್ದು, ಹಾಗಾಗಿ ನಮ್ಮ ಊರಿನ ಯಾವ ಗೋಡೆಯ ಮೇಲೂ ಮೂಡುವ ಮಾತಿಲ್ಲ. ಅವನು ಮಹಾನಂದಾಳ ಗೋಡೆಯ ಮುಂದೆ ಒಂದು ತಾಸು ನಿಂತು ಓದಿ, ಒಳಗೆ ಹೋಗಿ ಅವಳ ಕಿವಿ ಊದಿದ. ಇಷ್ಟು ಒಳ್ಳೆಯ ವಸ್ತುವನ್ನು ಬೀದಿಗೆ ಬಿಟ್ಟರೆ ನಿಮಗೆ ಏನು ಉಳಿಯುತ್ತದೆ, ಮುಚ್ಚಿಟ್ಟು ಮುಗಿಸಿ, ಮುಗಿದ ಮೇಲೆ ನಮ್ಮ ಕಂಪನಿಗೆ ಕೊಡಿ, ನಿಮ್ಮವರಿಗೆ ಬೇಕಾದ ಚಿಕಿತ್ಸೆ ನಾವು ನೋಡಿಕೊಳ್ಳುತ್ತೇವೆ ಎಂದನಂತೆ. ಗಂಡನನ್ನು ನೋಡಿ ನಕ್ಕ ಊರಿನ ಮೇಲೆ ಅವಳಿಗೂ ಸಿಟ್ಟಿತ್ತು. ಮರುದಿನ ಅವಳ ಗೋಡೆಯ ಮೇಲೆ ನೀಲಿ ತಾಡಪತ್ರಿ ಬಿದ್ದಿತ್ತು, ನಾಲ್ಕೂ ಮೂಲೆಗೆ ಮೊಳೆ ಹೊಡೆದು ಬಿಗಿದಿದ್ದಳು. ನಮ್ಮ ಊರಿನಲ್ಲಿ ಗೋಡೆ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಗಿಲು ಮುಚ್ಚಿಕೊಂಡು ಊಟ ಮಾಡುವವರ ಮನೆಯ ಮುಂದೆ ನಿಂತ ಹಾಗೆ ನನಗೆ ನಾಚಿಕೆಯಾಯಿತು.

ಮೂರು ವಾರ ಕಳೆದವು. ತಾಡಪತ್ರಿಯ ಹಿಂದೆ ಪ್ರೋಗ್ರಾಮು ಇದ್ದಲ್ಲೇ ಇತ್ತು. ಆದರೆ ಹೆಂಡತಿ ಅಂಗಡಿಗೆ ಹೋದ ಮೇಲೆ ಗುರುಶಾಂತಪ್ಪನವರು ಒಬ್ಬರೇ ಕುಳಿತು ಮೈಕಿನಲ್ಲಿ ಪಿಸುಗುಡುವ ಅಭ್ಯಾಸ ಮಾಡುತ್ತಿದ್ದರು. ಅದನ್ನು ಕೇಳಿದವನು ಹಿಟ್ಟಿನ ಗಿರಣಿಯ ದಾವಲಸಾಬ. ಆ ಬೀದಿಯಲ್ಲಿ ಹಿಟ್ಟಿನ ಚೀಲ ಕೊಟ್ಟು ಮರಳುವಾಗ ಕಿಟಕಿಯ ಬಳಿ ನಿಂತ, ಕಾಲು ಮುಂದೆ ಹೋಗಲಿಲ್ಲ. ಅವನ ಗಿರಣಿಯಲ್ಲಿ ಕಾಳು ಮುಗಿದ ಮೇಲೂ ಕಲ್ಲು ತಿರುಗಿದರೆ ಕಲ್ಲೇ ಸವೆಯುತ್ತದೆ. ಅದಕ್ಕೆಂದು ಅವನು ಕಾಳು ಬೀಳುವ ಸದ್ದು ಆಲಿಸಿ, ತಾನಾಗಿ ಗಿರಣಿ ನಿಲ್ಲಿಸುವ ಪ್ರೋಗ್ರಾಮು ಬರೆದಿದ್ದ. ತಾಡಪತ್ರಿ ಬೀಳುವ ಮೊದಲು ಮಹಾನಂದಾಳ ಗೋಡೆಯನ್ನೂ ಓದಿದ್ದ. ಕಿಟಕಿಯ ಕೆಳಗೆ ನಿಂತು ಆ ಮುರಿದ ಉಸಿರು ಕೇಳಿದೊಡನೆ ಅವನ ತಲೆಯಲ್ಲಿ ಎರಡು ಗೋಡೆಗಳೂ ಒಂದಾದವು. ಬಾಗಿಲು ಹಾಕಿತ್ತು, ಗೋಡೆಗೆ ತಾಡಪತ್ರಿ ಇತ್ತು. ಎದುರಿಗೆ ರುಕ್ಮಾಬಾಯಿ ಟೀಚರ ಗೋಡೆ ಮಾತ್ರ ಖಾಲಿ ಜಾಗ ಬಿಟ್ಟುಕೊಂಡು ನಿಂತಿತ್ತು. ಅದರ ಮೇಲೆ ಇದ್ದಿಲಿನಿಂದ ಹನ್ನೊಂದು ಸಾಲು ಬರೆದ, ಉಸಿರನ್ನು ಬೆರಳಿನಲ್ಲಿ ಎಣಿಸಿ ಎಣಿಸಿ ಅಂಕಿ ಹಾಕಿದ. ಗೋಡೆ ಇರುವಾಗ ಕಾಗದ ಯಾಕೆ ಎಂದು ಬೇರೆ ಕಡೆ ಬರೆದುಕೊಳ್ಳಲಿಲ್ಲ. ಹೆಸರು ಹಾಕಿ, ಮಹಾನಂದಾ ಸಂಜೆ ಬಂದು ನೋಡುತ್ತಾಳೆ ಎಂದು ಹೋದ. ಅವಳೋ ಆ ದಿನಗಳಲ್ಲಿ ತಲೆ ಬಗ್ಗಿಸಿಕೊಂಡು ಬಂದು ತಲೆ ಬಗ್ಗಿಸಿಕೊಂಡೇ ಒಳಗೆ ಹೋಗುತ್ತಿದ್ದಳು.

ಇಲ್ಲಿಂದ ಮುಂದಿನದು ನನ್ನ ಪಾಪ. ರುಕ್ಮಾಬಾಯಿ ಟೀಚರು ತಂಗಿಯ ಊರಿಗೆ ಹೋಗುವ ಮುಂಚೆ, ಎಲ್ಲ ಬರೆದುಕೊಂಡಿದ್ದೇನೆ, ನಾನು ಬರುವಷ್ಟರಲ್ಲಿ ಸುಣ್ಣ ಹಚ್ಚಿಬಿಡು ಎಂದು ಹೇಳಿದ್ದರು. ಮರುದಿನ ಬೆಳಿಗ್ಗೆ ಹೋದೆ. ಅದೇ ದಿನ ನಿಲ್ದಾಣದಲ್ಲಿ ಪರೀಕ್ಷೆಗೆಂದು ಪೆಟ್ಟಿಗೆ ಕೂರಿಸುವವರಿದ್ದರು, ಊರೆಲ್ಲ ನೋಡಲು ಹೊರಟಿತ್ತು, ನನಗೂ ಕಾಲು ನಿಲ್ಲುತ್ತಿರಲಿಲ್ಲ. ಟೀಚರೇ ಇಲ್ಲ, ಯಾರನ್ನು ಕೇಳುವುದು ಎಂದು ಕೂಗಲಿಲ್ಲ. ಮೂವತ್ತು ವರ್ಷದಲ್ಲಿ ಕೂಗದೆ ಕುಂಚ ಅದ್ದಿದ್ದು ಅದೊಂದೇ ದಿನ. ಇದ್ದಿಲಿನ ಸಾಲುಗಳು ಕಂಡವು, ಕೆಳಗಿನ ಹೆಸರೂ ಓದದೆ ಟೀಚರ ಹಳೆಯ ಲೆಕ್ಕ ಇರಬೇಕು ಎಂದುಕೊಂಡೆ. ಒಂದರ ಮೇಲೊಂದು ಎರಡು ಕೈ ಹಚ್ಚಬೇಕಾದಲ್ಲಿ ಒಂದೇ ಕೈ ಹಚ್ಚಿ ಓಡಿದೆ.

ಪೆಟ್ಟಿಗೆ ಚೆನ್ನಾಗಿಯೇ ಮಾತಾಡಿತು. ಯಾವ ಊರಿನವಳೋ ತಿಳಿಯದ ಒಂದು ಹೆಣ್ಣುದನಿ, ಜ್ವರ ಬಂದವರಂತೆ ಒಂದೇ ಸಮನೆ ಬಸ್ಸುಗಳನ್ನು ಓದಿತು. ಹಳ್ಳದ ರಸ್ತೆ ಕೆಟ್ಟು ಒಂಬತ್ತರ ಬಸ್ಸು ಆ ವಾರ ನಿಂತಿತ್ತು, ಪೆಟ್ಟಿಗೆ ಅದನ್ನೂ ಕರೆಯಿತು. ಹತ್ತಾರು ಜನ ಗಂಟುಮೂಟೆ ಎತ್ತಿಕೊಂಡು ಓಡಿ, ಬೆಪ್ಪಾಗಿ ನಿಂತರು. ಎಲ್ಲಿ ತಿದ್ದಬೇಕು ಎಂದು ನಾವು ಪೆಟ್ಟಿಗೆಯ ಸುತ್ತ ಗೋಡೆ ಹುಡುಕಿದೆವು. ಕಂಪನಿಗೆ ಪತ್ರ ಬರೆಯಬೇಕು ಎಂದು ಮಾರುವವನು ಹೇಳಿದ. ಆ ದನಿ ಗುರುಶಾಂತಪ್ಪನವರ ಮನೆಗೂ ಕೇಳಿಸಿತು. ಅವರು ಸಣ್ಣ ಮೈಕನ್ನು ಅಟ್ಟದ ಮೇಲಿಟ್ಟು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅಂದಿನಿಂದ ಪಿಸುಮಾತೂ ನಿಂತಿತು.

ಅದರ ಮರುದಿನ ತಿಂಗಳ ಕೊನೆಯ ದಿನ. ಬಿಟ್ಟುಬಂದ ಬಕೀಟು ತರಲು ನಾನು ಆ ಬೀದಿಗೆ ಹೋದಾಗ, ದಾವಲಸಾಬ ಮಹಾನಂದಾಳ ಬಾಗಿಲು ತಟ್ಟುತ್ತಿದ್ದ. ನಾನು ಬರೆದದ್ದು ಹಚ್ಚಿ ನೋಡಿದೆಯಾ ಎಂದು ಅವಳನ್ನು ಕೇಳಿದ. ಎಲ್ಲಿ ಬರೆದೆ ಎಂದಳು ಅವಳು. ಅವನು ತಿರುಗಿ ಎದುರಿನ ಗೋಡೆಗೆ ಕೈ ತೋರಿಸಿದ. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅವನು ಚಾಚಿದ ಕೈಯನ್ನು ಇಳಿಸಲೇ ಇಲ್ಲ.

"ಕಾಳು ಒಮ್ಮೊಮ್ಮೆ ತಡದು ಬೀಳತೈತಿ, ತಂಗಿ," ಎಂದ ದಾವಲಸಾಬ. "ತಡದದ್ದಕ್ಕೆಲ್ಲ ಮುಗೀತು ಅಂದ್ರ ಗಿರಣಿ ನಡ್ಯಂಗಿಲ್ಲ. ಹಿಂದಿನ ನಾಕು ಸಲ ಎಷ್ಟು ತಡದಿತ್ತು ನೋಡಿ, ಈಗಿಂದು ತಡದದ್ದೋ ಮುಗದದ್ದೋ ತಿಳಕೋಬೇಕು. ನಿನ್ನ ಗಂಡನ ಉಸಿರೂ ಹಂಗ ಐತಿ. ಅದನ್ನ ಬರದಿದ್ದೆ."

ಇಪ್ಪತ್ತು ದಿನ ತಲೆ ಒಡೆದುಕೊಂಡರೂ ಹೊಳೆಯದೆ ಇದ್ದದ್ದು ಅದೇ ಎಂದು ಮಹಾನಂದಾಳಿಗೆ ಒಂದೇ ಕ್ಷಣಕ್ಕೆ ತಿಳಿಯಿತು. ಮತ್ತೊಮ್ಮೆ ಬರೆ ಎಂದಳು. ಸಾಲು ಬರೆಯಬಹುದು, ಅಂಕಿಗಳು ನೆನಪಿಲ್ಲ, ಅವರ ಉಸಿರು ಕೇಳಿಯೇ ಹಾಕಿದ್ದೆ ಎಂದ ದಾವಲಸಾಬ. ಒಳಗೆ ಆ ಮನುಷ್ಯ ಉಸಿರು ಕೂಡ ಸಪ್ಪಳವಾಗದಂತೆ ಮಲಗಿದ್ದರು. ಕೂಗದೆ ಸುಣ್ಣ ಹಚ್ಚಿದೆ ಎಂದು ನಾನು ಒಪ್ಪಿಕೊಂಡೆ. ಬಯ್ಯಲಿ ಎಂದು ಕಾದೆ, ಅವಳು ಬಯ್ಯಲಿಲ್ಲ. ಅಷ್ಟರಲ್ಲಿ ಟೀಚರು ಚೀಲ ಹಿಡಿದು ರಿಕ್ಷಾದಿಂದ ಇಳಿದು, ಗೋಡೆ ನೋಡಿ, ಇದೇನು ಲಗಮಣ್ಣ, ಒಂದೇ ಕೈ ಹಚ್ಚಿದ್ದೀಯಲ್ಲ ಎಂದು ಗದರಿದರು.

ಆ ಬೈಗುಳ ಕೇಳಿ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಒಂದೇ ಕೈ! ಮೂವತ್ತು ವರ್ಷ ಸುಣ್ಣದ ಜೊತೆ ಬಾಳಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಸುಣ್ಣ ಒಣಗಿದಾಗ ಮಾತ್ರ ಬೆಳ್ಳಗೆ ನಿಂತು ಎಲ್ಲವನ್ನೂ ಮುಚ್ಚುತ್ತದೆ. ಒದ್ದೆಯಾದರೆ ತೆಳುವಾಗಿ, ಅಡಿಯಲ್ಲಿದ್ದದ್ದೆಲ್ಲ ಕಾಣುತ್ತದೆ. ಅದರಲ್ಲೂ ನಾನು ಗೋಂದು ಬೆರೆಸಿ ಹಚ್ಚುವವನು, ಬೇಗ ಬಿಟ್ಟುಕೊಳ್ಳುವ ಸುಣ್ಣವಲ್ಲ. ಬೀದಿಯ ನಡುವೆ ನಿಂತು, ನಿನ್ನೆ ಕೂಗದೆ ಉಳಿಸಿಕೊಂಡ ದನಿಯನ್ನೆಲ್ಲ ಸೇರಿಸಿ ಕೂಗಿದೆ.

"ನೀರು ತರ್ರೀ, ಅರಿವಿ ತರ್ರೀ. ಸುರೀಬ್ಯಾಡ್ರಿ, ತಿಕ್ಕಬ್ಯಾಡ್ರಿ. ಒದ್ದಿ ಅರಿವಿ ಒತ್ತರಿ, ಅಷ್ಟ."

ಕೊಡ ಬಂದವು, ಬಕೀಟು ಬಂದವು, ಹಳೆಯ ಸೀರೆ, ಪಂಚೆ, ಯಾರದೋ ಕೂಸಿನ ದುಪ್ಪಟ ಎಲ್ಲ ಬಂದವು. ನಳದಿಂದ ಗೋಡೆಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದರು. ಮೊದಲ ಅರಿವೆಯನ್ನು ನಾನೇ ಒತ್ತಿದೆ. ಬಿಳಿ ಬೂದಾಯಿತು, ಬೂದಿನ ಒಳಗಿನಿಂದ ಒಂದು ಕರಿ ಗೆರೆ ಎದ್ದಿತು, ಆಮೇಲೆ ಅಕ್ಷರ, ಆಮೇಲೆ ಇಡೀ ಸಾಲು. ಬೀದಿಯೇ ಹೋ ಎಂದಿತು. ನಡುಮಧ್ಯಾಹ್ನದ ಬಿಸಿಲು, ಮೇಲಿನ ಸಾಲು ಓದಿ ಮುಗಿಸುವಷ್ಟರಲ್ಲಿ ಒಣಗಿ ಮತ್ತೆ ಬೆಳ್ಳಗಾಗುತ್ತಿತ್ತು. ಟೀಚರು ಕನ್ನಡಕ ಮೂಗಿಗೆ ಒತ್ತಿಕೊಂಡು ಗಟ್ಟಿಯಾಗಿ ಓದಿದರು, ಮಹಾನಂದಾ ಕಟ್ಟೆಯ ಮೇಲೆ ಕುಳಿತು ಬರೆದುಕೊಂಡಳು. ಐದನೆಯ ಸಾಲಿಗೆ ಅವಳಿಗೆ ಅನುಮಾನ ಬಂತು, ತನ್ನ ಪ್ರೋಗ್ರಾಮಿನಲ್ಲಿ ಅದು ಎಲ್ಲಿ ಕೂರಬೇಕು ಎಂದು ನೋಡಬೇಕಿತ್ತು. ಎದ್ದು ಹೋಗಿ ತಾಡಪತ್ರಿಯ ಮೂಲೆ ಹಿಡಿದು ಜಗ್ಗಿದಳು, ಮೊಳೆಗಳು ಪಟಪಟನೆ ಕಿತ್ತು ಬಂದವು.

ಪೆಟ್ಟಿಗೆ ಮಾರುವವನು ಗದ್ದಲ ಕೇಳಿ ಅಲ್ಲಿಗೆ ಬಂದಿದ್ದ. "ಮೇಡಂ, ಇಷ್ಟು ಜನ ಓದಿದ ಮೇಲೆ ಇದು ನಿಮ್ಮದಾಗಿ ಉಳಿಯುವುದಿಲ್ಲ," ಎಂದ.

"ಮೂರು ವಾರ ನಂದ ಆಗಿ ಉಳದಿತ್ತಲ್ರೀ," ಎಂದಳು ಮಹಾನಂದಾ, ತಾಡಪತ್ರಿ ಮಡಚುತ್ತ. "ಒಂದು ಸಾಲೂ ಮುಂದ ಹೋಗಲಿಲ್ಲ. ಇದನ್ನ ತಗೊಂಡು ಹೋಗ್ರಿ, ನಿಮ್ಮ ಪೆಟ್ಟಿಗಿಗೆ ಹೊಚ್ಚಾಕ ಬೇಕಾಗತೈತಿ."

ಹತ್ತು ಸಾಲು ಸಿಕ್ಕವು. ಹನ್ನೊಂದನೆಯದರ ಕೊನೆಯ ಅಂಕಿ ಮಾತ್ರ ಸಿಗಲಿಲ್ಲ, ನನ್ನ ಹಾಳು ಕುಂಚ ಅದನ್ನು ಎಳೆದುಕೊಂಡು ಹೋಗಿ ಮಸಿ ಮಾಡಿತ್ತು. ಎಷ್ಟು ಒತ್ತಿದರೂ ಮಸಿಯೇ. ಅದೇ ಮುಖ್ಯದ್ದು, ಎಷ್ಟು ತಡೆದರೆ ಮುಗಿದಂತೆ ಎಂದು ಹೇಳುವುದು ಅದೇ ಎಂದು ದಾವಲಸಾಬ ಹೇಳಿದ. ಆಗ ಮಹಾನಂದಾಳ ಬಾಗಿಲಿನಲ್ಲಿ ಸದ್ದಾಯಿತು. ಗುರುಶಾಂತಪ್ಪನವರು ಚೌಕಟ್ಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಒದ್ದೆ ಗೋಡೆ, ಒದ್ದೆ ಜನ, ಕೈಯಿಂದ ಕೈಗೆ ದಾಟುತ್ತಿದ್ದ ಕೊಡಗಳು, ಇವೆಲ್ಲ ತಮ್ಮ ಉಸಿರಿಗಾಗಿ ಎಂದು ಅವರಿಗೆ ತಿಳಿದಿತ್ತು. ನಡೆದು ಬಂದರು. ದಾವಲಸಾಬನ ಹೆಗಲ ಮೇಲೆ ಕೈ ಇಟ್ಟು, ಅವನ ಕಿವಿಗೆ ಬಾಯಿ ತಂದು, ಮುತ್ತಲಕೊಪ್ಪ ಎಂದರು.

ಯಾರೋ ಓಡಿಹೋಗಿ ನಳ ನಿಲ್ಲಿಸಿದರು. ಅವರು ನಾಲ್ಕು ಸಲ ಹೇಳಿದರು, ದಾವಲಸಾಬ ಕಣ್ಣು ಮುಚ್ಚಿ ನಾಲ್ಕು ಸಲವೂ ಹೆಬ್ಬೆರಳಿನಿಂದ ಎಣಿಸಿದ. ಆಮೇಲೆ ಇದ್ದಿಲು ತೆಗೆದುಕೊಂಡು ಒದ್ದೆ ಗೋಡೆಯ ಮೇಲೆಯೇ ಅಂಕಿ ಬರೆದ. ಗುರುಶಾಂತಪ್ಪನವರು ಅವನ ಕೈಯಿಂದ ಇದ್ದಿಲು ಕಸಿದು ಆ ಅಂಕಿಯ ಕೆಳಗೆ ತಮ್ಮ ಹೆಸರು ಬರೆದರು. ಮಹಾನಂದಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಒಳಗೆ ಓಡಿ ಕಂಪ್ಯೂಟರು ಹಚ್ಚಿದಳು. ನಾನಂತೂ ಅತ್ತೆ, ಅದನ್ನು ಮುಚ್ಚಿಡುವುದು ಯಾಕೆ.

ಒಂದನೆಯ ತಾರೀಖು ಆರಕ್ಕೇ ನಿಲ್ದಾಣ ತುಂಬಿತ್ತು, ಎಲ್ಲಿಗೂ ಹೋಗದವರೇ ಹೆಚ್ಚು. ನಮ್ಮಲ್ಲಿ ಹೊಸ ಪ್ರೋಗ್ರಾಮು ಮೊದಲ ದಿನ ಕೆಲಸಕ್ಕೆ ಇಳಿಯುವ ಮುಂಚೆ ಅದರಲ್ಲಿ ಇರುವ ಹೆಸರುಗಳನ್ನು ಓದಬೇಕು. ಗುರುಶಾಂತಪ್ಪನವರು ಕುರ್ಚಿಯಲ್ಲಿ ಕುಳಿತು ಮೈಕು ತುಟಿಗೆ ತಂದರು. ಒಂಬತ್ತು ತಿಂಗಳ ಮೇಲೆ ಆ ದನಿ ಮುರಿಯದೆ ತಗಡಿನ ಛಾವಣಿಗೆ ಬಡಿದು ಊರ ಮೇಲೆ ಹರಡಿತು. ಮಹಾನಂದಾ ಎಂದಿತು, ಗಿರಣಿ ದಾವಲಸಾಬ ಎಂದಿತು, ರುಕ್ಮಾಬಾಯಿ ಟೀಚರು ಎಂದಿತು, ಮೊದಲ ವಾರ ತಿದ್ದಿದವರ ಹೆಸರನ್ನೆಲ್ಲ ಒಂದೊಂದಾಗಿ ಕರೆಯಿತು. ಒಂದು ಹೆಸರೂ ಅರ್ಧಕ್ಕೆ ನಿಲ್ಲಲಿಲ್ಲ. ಕೊನೆಗೆ ಒಂದು ಉಸಿರು ಎಳೆದುಕೊಂಡರು, ಪ್ರೋಗ್ರಾಮು ಕಾಯಿತು.

"ಲಗಮಣ್ಣ. ಸುಣ್ಣಾ ಹಚ್ಚಿದವ, ನೀರು ಹಾಕಿಸಿದವ."

ಜನ ನನ್ನ ಬೆನ್ನು ಗುದ್ದಿದರು. ಆಮೇಲೆ ಮುತ್ತಲಕೊಪ್ಪದ ಬಸ್ಸು ಇಡಿಯಾಗಿ ಕೂಗಿಸಿಕೊಂಡು, ಹಾರ್ನು ಹಾಕುತ್ತ ಹೊರಟಿತು. ಬಸ್ಸಿನ ಒಳಗೆ ಯಾರು ಇದ್ದರು ಎಂದು ನಾನು ನೋಡಲಿಲ್ಲ, ನಿಲ್ದಾಣದಿಂದ ನೇರ ಮಹಾನಂದಾಳ ಬೀದಿಗೆ ಓಡಿದೆ. ಹೌದು, ಗೋಡೆಯ ಮೇಲೆ ಎಲ್ಲರ ಹೆಸರಿನ ಕೆಳಗೆ ನನ್ನದೂ ಮೂಡಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ.

ಆಮೇಲಿನ ಆರು ವಾರ ಆ ಗೋಡೆಗೆ ಪುರುಸೊತ್ತಿರಲಿಲ್ಲ. ಆಸ್ಪತ್ರೆಯ ನರ್ಸಮ್ಮ ಬಂದು ಆ ಹನ್ನೊಂದು ಸಾಲು ಬರೆದುಕೊಂಡು ಹೋಗಿ, ದಿನ ತುಂಬದೆ ಹುಟ್ಟಿದ ಕೂಸುಗಳ ಉಸಿರು ಕಾಯಲು ಹಚ್ಚಿದಳು. ಅಲ್ಲಿ ಅವಳು ಮಾಡಿದ ತಿದ್ದುಪಡಿಯನ್ನು ದಾವಲಸಾಬ ತನ್ನ ಗಿರಣಿಗೆ ತಂದ, ಈಗ ಅವನ ಕಲ್ಲು ಸವೆಯುವುದೇ ಇಲ್ಲವಂತೆ. ಪೆಟ್ಟಿಗೆ ನಿಲ್ದಾಣದ ಮೂಲೆಯಲ್ಲಿದೆ, ಒಂಬತ್ತರ ಬಸ್ಸಿನ ಬಗ್ಗೆ ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಇಷ್ಟರಲ್ಲಿ ಮಹಾನಂದಾ ಇನ್ನೇನೋ ಹೊಸದು ಬರೆಯಲು ಹೊರಟಿದ್ದಳು, ಗೋಡೆ ಖಾಲಿ ಬೇಕೆಂದು ಹೇಳಿ ಕಳಿಸಿದಳು. ಬಕೀಟು ಹಿಡಿದು ಹೋದೆ. ಬೀದಿಯ ನಡುವೆ ನಿಂತು "ಬರಕೊಂಡೀರೇನ್ರಿ" ಎಂದು ಮೂರು ಸಲ, ಹಿಂದಿನ ಬೀದಿಯ ನಿಲ್ದಾಣಕ್ಕೂ ಮುಟ್ಟುವಷ್ಟು ಗಟ್ಟಿಯಾಗಿ ಕೂಗಿದೆ. ಬಾಗಿಲಿಗೆ ಬಂದ ಮಹಾನಂದಾ ಬಾಯಿ ತೆರೆಯುವ ಮೊದಲೇ ನಿಲ್ದಾಣದ ಮೈಕು ಕರಕರ ಎಂದಿತು. ಬಸ್ಸಿಗೆ ಕಾದವರೆಲ್ಲರ ನೆತ್ತಿಯ ಮೇಲೆ ಹಾದು, ಗುರುಶಾಂತಪ್ಪನವರ ದನಿ ನನ್ನ ಬಳಿಗೆ ಬಂತು.

"ಬರಕೊಂಡೀವಿ. ಹಚ್ಚು, ಲಗಮಣ್ಣ."

ಹಚ್ಚಿದೆ. ಗೋಡೆಗೆಲ್ಲ ಎರಡು ಕೈ ಹಚ್ಚಿದೆ. ಹೆಸರುಗಳಿದ್ದ ಕಡೆ ಮಾತ್ರ ಒಂದೇ ಕೈ.